ಆಟ ಚೆನ್ನಾಗಿದೆ, ಲೈವ್ ಮಾತ್ರ ಮಸುಕು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಕಂಪ್ಯೂಟರಿನಿಂದ ಗೇಮ್ ಲೈವ್ ಬಿಟ್ಟರೆ ವಿಡಿಯೋ ಯಾಕೆ ಹೀಗೆ ಕಾಣುತ್ತೆ ಅಂತ. ಬಿಸಿಲೂರಿನ ಹುಡುಗರು ಮನೆಯೊಳಗೆ ಕೂತು ಏನು ಮಾಡ್ತಿದಾರೆ ಅಂತ ಈಗ ಗೊತ್ತಾಯ್ತು. ಬಳ್ಳಾರಿಯ ನನ್ನ ರಿಪೇರಿ ಟೇಬಲ್ ಮೇಲೆ ಕೂಡ ಇದೇ ಪ್ರಶ್ನೆ ವಾರಕ್ಕೆ ಎರಡು ಸಲ ಬರುತ್ತೆ. ಅದಕ್ಕೆ ಬೇರೆ ಪತ್ರಗಳನ್ನು ಮುಂದಿನ ಸಲಕ್ಕೆ ಇಟ್ಟು, ಈ ಸಲ ಪೂರ್ತಿ ಇದನ್ನೇ ತಗೊಂಡಿದ್ದೇನೆ.

ಪ್ರಶ್ನೆ: ಅಣ್ಣಾ, ನಾನು ಬಿ.ಕಾಂ. ಎರಡನೇ ವರ್ಷ. ನಾಲ್ಕು ವರ್ಷ ಹಳೆಯ ಗೇಮಿಂಗ್ ಲ್ಯಾಪ್‌ಟಾಪ್ ಇದೆ, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಓಬಿಎಸ್ (ಲೈವ್ ಕಳಿಸೋ ಸಾಫ್ಟ್‌ವೇರ್) ಹಾಕಿಕೊಂಡು ರಾತ್ರಿ ಯೂಟ್ಯೂಬಿನಲ್ಲಿ ಲೈವ್ ಬರುತ್ತೇನೆ. 1080ಪಿ, 60 ಫ್ರೇಮ್, ಬಿಟ್‌ರೇಟ್ 2500 ಇಟ್ಟಿದ್ದೇನೆ. ಸುಮ್ನೆ ನಿಂತಾಗ ಚೆನ್ನಾಗಿ ಕಾಣುತ್ತೆ. ಓಡಿದ ತಕ್ಷಣ, ಅದರಲ್ಲೂ ಹುಲ್ಲು, ಗಿಡ ಬಂದರೆ ಎಲ್ಲಾ ಚೌಕ ಚೌಕ ಆಗಿ ಕಲಸಿಹೋಗುತ್ತೆ. ಗೆಳೆಯರು ಹೊಸ ಕಾರ್ಡ್ ತಗೋ ಅಂತಾರೆ. ತಗೊಳ್ಲಾ?
— ವಿದ್ಯಾರ್ಥಿ, ಸಿಂಧನೂರು

ಉತ್ತರ: ಬೇಡ ತಮ್ಮಾ. ದುಡ್ಡು ಜೇಬಲ್ಲೇ ಇರಲಿ. ನಿನ್ನ ಕಾರ್ಡ್ ತಪ್ಪೇ ಮಾಡಿಲ್ಲ.

ನೀನು ಸಿಂಧನೂರಿನವನು, ನಿನಗೆ ನಾಲೆ ನೀರಿನ ಲೆಕ್ಕ ನಾನು ಹೇಳಿಕೊಡಬೇಕಾಗಿಲ್ಲ. ಎಡದಂಡೆ ನಾಲೆಯಲ್ಲಿ ಬಿಡೋ ನೀರು ಇಷ್ಟೇ ಅಂತ ಇರುತ್ತೆ. ಆ ನೀರಿಗೆ ಎಷ್ಟು ಎಕರೆ ಭತ್ತ ಆಗುತ್ತೋ ಅಷ್ಟೇ ಹಚ್ಚಬೇಕು. ಮೇಲಿನವರು ಎರಡು ಪಟ್ಟು ಹಚ್ಚಿಬಿಟ್ಟರೆ ಕೆಳಭಾಗದ ಗದ್ದೆ ಬಿರುಕು ಬಿಡುತ್ತೆ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸೋ ಮಾಹಿತಿ, ಅದು ನೀರು. ಪರದೆಯ ಮೇಲಿನ ಚುಕ್ಕೆಗಳು ಅಂದರೆ ಎಕರೆ. ನೀನು ಹಚ್ಚಿರೋದು ಎಷ್ಟು ಎಕರೆ ನೋಡು.

1080ಪಿ ಅಂದರೆ 1920 ಗುಣಿಸು 1080, ಒಂದು ಫ್ರೇಮಿಗೆ ಸುಮಾರು 20.7 ಲಕ್ಷ ಚುಕ್ಕೆ. ಸೆಕೆಂಡಿಗೆ 60 ಫ್ರೇಮ್ ಅಂದರೆ 12.4 ಕೋಟಿ. ನೀನು ಕೊಟ್ಟಿರೋ ನೀರು 2500 ಕಿಲೋಬಿಟ್, ಅಂದರೆ ಸೆಕೆಂಡಿಗೆ 25 ಲಕ್ಷ ಬಿಟ್. ಹೆಚ್ಚೂಕಡಿಮೆ 50 ಚುಕ್ಕೆಗೆ ಒಂದು ಬಿಟ್ ಬಂತು! ನಿಂತಾಗ ನಡೆಯುತ್ತೆ, ಯಾಕಂದರೆ ಹಿಂದಿನ ಫ್ರೇಮಿಗೂ ಈಗಿನ ಫ್ರೇಮಿಗೂ ವ್ಯತ್ಯಾಸ ಕಡಿಮೆ, ಎನ್‌ಕೋಡರ್ (ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡೋ ಭಾಗ) ಬರೀ ಬದಲಾದ ಭಾಗ ಮಾತ್ರ ಕಳಿಸುತ್ತೆ. ಓಡಿದಾಗ ಇಡೀ ಪರದೆ ಬದಲಾಗುತ್ತೆ. ಹುಲ್ಲಿನ ಒಂದೊಂದು ಎಸಳೂ ಒಂದೊಂದು ಕಡೆ ಅಲ್ಲಾಡುತ್ತೆ. ಆಗ ಬಿಟ್ ಸಾಲದೆ, ಅದು 16 ಗುಣಿಸು 16ರ ಒಂದೊಂದು ಚೌಕವನ್ನು ತೇಪೆ ಹಾಕಿದ ಹಾಗೆ ತುಂಬಿಬಿಡುತ್ತೆ. ನೀನು ಹೇಳೋ ಚೌಕ ಚೌಕ ಅದೇ. ಮಳೆ, ಹೊಗೆ, ಧೂಳು, ಎಲೆ ಇರೋ ಗೇಮುಗಳಲ್ಲಿ ಇದು ಜಾಸ್ತಿ, ಅದೇ ಗೋಡೆ ನುಣ್ಣಗಿರೋ ಶೂಟಿಂಗ್ ಗೇಮುಗಳಲ್ಲಿ ಅಷ್ಟು ಕಾಣಲ್ಲ.

1080ಪಿ 60 ಫ್ರೇಮಿಗೆ ಯೂಟ್ಯೂಬ್ ತಾನೇ ಹೇಳೋ ಬಿಟ್‌ರೇಟ್ 12 ಎಂಬಿಪಿಎಸ್ ಆಸುಪಾಸು, ಅಂದರೆ ಓಬಿಎಸ್ ಲೆಕ್ಕದಲ್ಲಿ 12000. 720ಪಿ 60 ಫ್ರೇಮಿಗೆ 6000, 720ಪಿ 30ಕ್ಕೆ 4000. ಈಗ ನಿನ್ನ ಹತ್ತಿರ ಎಷ್ಟು ನೀರಿದೆ ಅಂತ ಅಳೆಯೋಣ.

ಸ್ಪೀಡ್ ಟೆಸ್ಟ್ ಹಾಕಿದಾಗ ಎಲ್ಲರೂ ದೊಡ್ಡ ಅಂಕಿ ನೋಡಿ ಖುಷಿಯಾಗ್ತಾರೆ. ಅದು ಡೌನ್‌ಲೋಡ್. ನಿನಗೆ ಬೇಕಾಗಿರೋದು ಪಕ್ಕದ ಅಪ್‌ಲೋಡ್. ಅದನ್ನೂ ಮಧ್ಯಾಹ್ನ ಹನ್ನೆರಡಕ್ಕೆ ನೋಡಬೇಡ. ನೀನು ಲೈವ್ ಬರೋದು ರಾತ್ರಿ ಒಂಬತ್ತಕ್ಕೆ ಅಲ್ವಾ, ಆ ಹೊತ್ತಿಗೆ ಓಣಿಯವರೆಲ್ಲ ನೆಟ್ಟಿನಲ್ಲಿ ಇರ್ತಾರೆ, ಆಗ ನಾಲ್ಕೈದು ದಿನ ಅಳೆದು, ಬಂದದ್ದರಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕಿ ಹಿಡಿದುಕೋ. ಅದರಲ್ಲಿ ಶೇಕಡಾ 70 ದಾಟಬೇಡ. ಕಡಿಮೆ ಅಂಕಿ 6 ಎಂಬಿಪಿಎಸ್ ಬಂತು ಅಂತಿಟ್ಟುಕೋ, ನಿನ್ನ ಬಿಟ್‌ರೇಟ್ 4000.

4000ದಲ್ಲಿ 720ಪಿ, 30 ಫ್ರೇಮ್ ಇಡು. ಸೆಕೆಂಡಿಗೆ 2.76 ಕೋಟಿ ಚುಕ್ಕೆ, ಅಂದರೆ ಏಳು ಚುಕ್ಕೆಗೆ ಒಂದು ಬಿಟ್. ಐವತ್ತಕ್ಕೊಂದು ಎಲ್ಲಿ, ಏಳಕ್ಕೊಂದು ಎಲ್ಲಿ! ‘720 ಅಂದರೆ ಹಳೇ ಕಾಲದ್ದು, ಮಂದಿ ನಗ್ತಾರೆ’ ಅಂತ ನೀನು ಅನ್ನಬಹುದು. ನಿನ್ನ ಮಂದಿ ನೋಡೋದು ಆರಿಂಚಿನ ಮೊಬೈಲಿನಲ್ಲಿ, ಬಸ್ಸಿನಲ್ಲಿ ಕೂತು. ಅವರಿಗೆ ಸ್ವಚ್ಛವಾದ 720 ಚೆಂದ ಕಾಣುತ್ತೆ, ಕಲಸಿದ 1080 ಅಲ್ಲ. ಆಡೋದು ಶೂಟಿಂಗ್ ಗೇಮ್, 60 ಬೇಕೇ ಬೇಕು ಅಂದರೆ 720ಪಿ 60ಕ್ಕೆ ಹೋಗು, ಅದೇ 4000ದಲ್ಲಿ ಚೂರು ಮಸುಕಾಗುತ್ತೆ, ತಡಕೋ. ಕ್ರಿಕೆಟ್ ಗೇಮಿಗೆ, ಮನೆ ಕಟ್ಟೋ ಗೇಮಿಗೆ 30 ಸಾಕು.

ಉಳಿದ ಸೆಟ್ಟಿಂಗ್ ಬೇಗ ಹೇಳ್ತೀನಿ. ಔಟ್‌ಪುಟ್‌ನಲ್ಲಿ ಅಡ್ವಾನ್ಸ್ಡ್ ಮೋಡ್ ತೆಗಿ. ರೇಟ್ ಕಂಟ್ರೋಲ್ ಸಿಬಿಆರ್ (ಬಿಟ್‌ರೇಟ್ ಒಂದೇ ಸಮ ಇರೋದು), ಕೀಫ್ರೇಮ್ ಇಂಟರ್‌ವಲ್ 2 ಸೆಕೆಂಡ್. ಎನ್‌ಕೋಡರ್ ಜಾಗದಲ್ಲಿ ಎಕ್ಸ್264 ಇದ್ದರೆ ತೆಗೆದು ಎನ್‌ವಿಡಿಯಾ ಎನ್‌ವೆಂಕ್ ಹಾಕು. ಎಕ್ಸ್264 ನಿನ್ನ ಪ್ರೊಸೆಸರನ್ನೇ ದುಡಿಸುತ್ತೆ, ಆ ಪ್ರೊಸೆಸರ್ ಆಗಲೇ ಗೇಮ್ ಎಳೀತಿದೆ. ಎನ್‌ವೆಂಕ್ ಅಂದರೆ ಕಾರ್ಡಿನೊಳಗೆ ಇದೇ ಕೆಲಸಕ್ಕೆ ಅಂತ ಇಟ್ಟಿರೋ ಬೇರೆ ಭಾಗ, ಗೇಮಿಗೆ ಅದರ ಭಾರ ಬಹಳ ಕಡಿಮೆ. ಆಮೇಲೆ ವಿಡಿಯೋ ಸೆಟ್ಟಿಂಗಿನಲ್ಲಿ ಡೌನ್‌ಸ್ಕೇಲ್ ಫಿಲ್ಟರ್ ಲ್ಯಾಂಕ್ಜೋಸ್ ಮಾಡು, ಬೈಲೀನಿಯರ್ ಇದ್ದರೆ ಅಂಚುಗಳು ಮಬ್ಬಾಗುತ್ತವೆ. ಗೇಮ್ 1080ಪಿಯಲ್ಲೇ ಆಡು, ಕಳಿಸೋದು ಮಾತ್ರ 720.

ಇನ್ನೊಂದು ಮಾತು. ರೂಟರ್ ಕೆಳಗಿನ ಮನೆಯಲ್ಲಿ, ನೀನು ಮೇಲೆ, ನಡುವೆ ಆರ್‌ಸಿಸಿ ಸ್ಲ್ಯಾಬ್ ಇದ್ದರೆ ವೈಫೈ ನಂಬಬೇಡ. ಒಂದು ಉದ್ದ ಲ್ಯಾನ್ ಕೇಬಲ್ ಎಳೆದುಬಿಡು. ಹೊಸ ಕಾರ್ಡಿಗೆ ಕೊಡೋ ದುಡ್ಡಿನಲ್ಲಿ ಇಡೀ ಓಣಿಗೆ ಕೇಬಲ್ ಎಳೀಬಹುದು.

ಪ್ರಶ್ನೆ: ಸರ್, ನಮ್ಮದು ಫೈಬರ್ ನೆಟ್, ಅಪ್‌ಲೋಡ್ 40 ಬರುತ್ತೆ. ಆದರೂ ಲೈವ್‌ನಲ್ಲಿ ಜರ್ಕ್ ಹೊಡೆಯುತ್ತೆ. ಆಟ ಆಡುವ ನನಗೆ ಏನೂ ಗೊತ್ತಾಗಲ್ಲ, ನೋಡುವವರು ಮಾತ್ರ ಕಮೆಂಟಿನಲ್ಲಿ ಬೈತಾರೆ. ಮಧ್ಯಾಹ್ನ ಇನ್ನೂ ಜಾಸ್ತಿ. ನೆಟ್‌ನವರಿಗೆ ಫೋನ್ ಮಾಡಿ ಸಾಕಾಗಿದೆ.
— ಗಂಗಾವತಿಯ ಓದುಗರು

ಉತ್ತರ: ನೆಟ್‌ನವರನ್ನು ಬಿಡಿ ಪಾಪ, ಈ ಸಲ ಅವರದ್ದು ತಪ್ಪಿಲ್ಲ ಅನಿಸುತ್ತೆ. ಓಬಿಎಸ್‌ನಲ್ಲಿ ಡಾಕ್ಸ್ ಮೆನು ಒಳಗೆ ಸ್ಟ್ಯಾಟ್ಸ್ ಅಂತ ಒಂದು ಕಿಟಕಿ ಇದೆ. ಹೆಚ್ಚಿನವರು ಅದನ್ನು ತೆರೆದೇ ಇರಲ್ಲ. ಇಡೀ ರೋಗ ಅಲ್ಲೇ ಬರೆದಿರುತ್ತೆ, ಮೂರು ಸಾಲಿನಲ್ಲಿ. ಡ್ರಾಪ್ಡ್ ಫ್ರೇಮ್ಸ್ ಏರುತ್ತಿದ್ದರೆ ತೊಂದರೆ ನೆಟ್ಟಿನದು. ಎನ್‌ಕೋಡಿಂಗ್ ಲ್ಯಾಗ್ ಅಂತ ಇರೋ ಸಾಲು ಏರಿದರೆ ಎನ್‌ಕೋಡರ್ ಸುಸ್ತಾಗಿದೆ. ರೆಂಡರಿಂಗ್ ಲ್ಯಾಗ್ ಏರಿದರೆ ಗ್ರಾಫಿಕ್ಸ್ ಕಾರ್ಡಿಗೆ ಉಸಿರಾಡೋಕೆ ಜಾಗ ಇಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ತಲೆನೋವಿಗೆ ಹೊಟ್ಟೆನೋವಿನ ಗುಳಿಗೆ ನುಂಗಿದ ಹಾಗೆ, ಕಾರ್ಡ್ ಉಸಿರುಗಟ್ಟಿದಾಗ ಬಿಟ್‌ರೇಟ್ ಇಳಿಸಿ ಏನು ಬಂತು?

ನಿಮ್ಮದು ಮೂರನೇದು ಅಂತ ನನ್ನ ಅಂದಾಜು. ‘ನನಗೆ ಗೊತ್ತಾಗಲ್ಲ, ನೋಡುವವರಿಗೆ ಮಾತ್ರ ಜರ್ಕ್’ ಅನ್ನೋದೇ ಗುರುತು. ಗೇಮಿಗೆ ಲಗಾಮು ಇಲ್ಲದಿದ್ದರೆ ಅದು ಕಾರ್ಡನ್ನು ಪೂರ್ತಿ ನೂರಕ್ಕೆ ನೂರು ತಿನ್ನುತ್ತೆ, ಸೆಕೆಂಡಿಗೆ 140 ಫ್ರೇಮ್ ಬರಲಿ ಅಂತ. ಓಬಿಎಸ್‌ಗೂ ದೃಶ್ಯ ಜೋಡಿಸೋಕೆ ಅದೇ ಕಾರ್ಡ್ ಬೇಕು. ಅದಕ್ಕೆ ಸರದಿ ಸಿಗಲ್ಲ. ಗೇಮಿನ ಸೆಟ್ಟಿಂಗಿನಲ್ಲಿ ಫ್ರೇಮ್ ಲಿಮಿಟ್ 60ಕ್ಕೆ ಕಟ್ಟಿಹಾಕಿ, ನಿಮ್ಮ ಪರದೆ 60 ಹರ್ಟ್ಜ್ ಇದ್ದರೆ ಅದಕ್ಕಿಂತ ಜಾಸ್ತಿ ಹೇಗೂ ಕಾಣಲ್ಲ. ನೆರಳು, ಪ್ರತಿಬಿಂಬ ಒಂದು ಮೆಟ್ಟಿಲು ಇಳಿಸಿ. ಓಬಿಎಸ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ವಿಂಡೋಸ್ ಆಗ ಕಾರ್ಡಿನ ಸರದಿಯಲ್ಲಿ ಅದನ್ನು ಮುಂದೆ ನಿಲ್ಲಿಸುತ್ತೆ. ಹಿಂದೆ ಕ್ರೋಮಿನಲ್ಲಿ ಮೂವತ್ತು ಟ್ಯಾಬ್ ತೆರೆದಿಟ್ಟಿದ್ದರೆ ಮುಚ್ಚಿ.

ಆದರೆ ‘ಮಧ್ಯಾಹ್ನ ಇನ್ನೂ ಜಾಸ್ತಿ’ ಅಂದಿರಲ್ಲ, ಅದು ನನಗೆ ಬೇರೆಯದನ್ನೇ ನೆನಪಿಸಿತು. ಎರಡು ಬೇಸಿಗೆ ಹಿಂದೆ ನಾನೇ ಒಂದು ಭಾನುವಾರ ಮಧ್ಯಾಹ್ನ ಲೈವ್ ಬಿಟ್ಟು ಮರ್ಯಾದೆ ಕಳೆದುಕೊಂಡವನು. ನಮ್ಮೂರಲ್ಲಿ ಎರಡೇ ಕಾಲ ಅಂತ ಚೇಷ್ಟೆ ಮಾಡ್ತಾರೆ, ಬೇಸಿಗೆ ಒಂದು, ಕಡು ಬೇಸಿಗೆ ಒಂದು. ಹೊರಗೆ 40 ಡಿಗ್ರಿ ದಾಟಿತ್ತು. ಲ್ಯಾಪ್‌ಟಾಪ್ ಇಟ್ಟಿದ್ದು ಹಾಸಿಗೆ ಮೇಲೆ. ಮೊದಲ ಇಪ್ಪತ್ತು ನಿಮಿಷ ರೇಷ್ಮೆ ಹಾಗೆ ಹೋಯ್ತು, ಆಮೇಲೆ ಫ್ಯಾನು ಹಿಟ್ಟಿನ ಗಿರಣಿ ಥರ ಕೂಗೋಕೆ ಶುರುಮಾಡಿ, ಪ್ರೊಸೆಸರ್ 95 ಡಿಗ್ರಿ ಮುಟ್ಟಿ, ತನ್ನನ್ನು ತಾನು ಉಳಿಸಿಕೊಳ್ಳೋಕೆ ವೇಗ ಅರ್ಧಕ್ಕೆ ಇಳಿಸಿಬಿಟ್ಟಿತು. ನೋಡ್ತಿದ್ದ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಎದ್ದು ಹೋದರು. ಉಳಿದ ಇಬ್ಬರು ನನ್ನ ತಂಗಿಯ ಮಕ್ಕಳು.

ಸಂಜೆ ಅದರ ಹಿಂಬದಿ ಬಿಚ್ಚಿದೆ. ಫ್ಯಾನಿಗೂ ತಾಮ್ರದ ಜಾಲರಿಗೂ ನಡುವೆ ಕೆಂಪು ಧೂಳು ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು, ಚಿಮ್ಮಟದಲ್ಲಿ ಹಿಡಿದು ಎಳೆದರೆ ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂತು. ಬಣ್ಣ ಗಣಿ ಲಾರಿಯ ಹಿಂದೆ ಹೋದ ಅಂಗಿಯದ್ದು. ಅದನ್ನು ತೆಗೆದು, ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದ ಮೇಲೆ ಅದೇ ಗೇಮಿನಲ್ಲಿ ಶಾಖ ಹನ್ನೆರಡು ಡಿಗ್ರಿ ಇಳಿಯಿತು. ಒಂದು ಸೆಟ್ಟಿಂಗೂ ಮುಟ್ಟದೆ ಲೈವ್ ಸರಿಹೋಯ್ತು. ನಿಮ್ಮ ಮನೆ ರೈಸ್ ಮಿಲ್ ಪಕ್ಕದಲ್ಲಿದ್ದರೆ ತೌಡಿನ ಧೂಳೂ ಸೇರಿರುತ್ತೆ, ವರ್ಷಕ್ಕೊಮ್ಮೆ ಬಿಚ್ಚಿಸಿ. ಹಾಸಿಗೆ ಮೇಲೆ ಇಡಬೇಡಿ. ಚಾರ್ಜರ್ ಹಾಕಿಯೇ ಆಡಿ, ಬ್ಯಾಟರಿಯಲ್ಲಿ ಹೆಚ್ಚಿನ ಲ್ಯಾಪ್‌ಟಾಪ್‌ಗಳು ತಾವಾಗೇ ವೇಗ ಇಳಿಸುತ್ತವೆ.

ಪ್ರಶ್ನೆ: ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬದುಕಿರುತ್ತೆ, ಲೈವ್ ಸಾಯುತ್ತೆ. ಏನು ಮಾಡೋದು?
— ಶಕ್ತಿನಗರ, ರಾಯಚೂರು

ಉತ್ತರ: 1,720 ಮೆಗಾವಾಟಿನ ವಿದ್ಯುತ್ ಕೇಂದ್ರದ ನೆರಳಿನಲ್ಲಿ ಕೂತು ಈ ಪ್ರಶ್ನೆ ಕೇಳ್ತಿದೀರಿ ನೋಡಿ, ದೀಪದ ಕೆಳಗೆ ಕತ್ತಲೆ ಅನ್ನೋದು ಇದಕ್ಕೇ! ಸಾಯೋದು ರೂಟರ್. ಅದು ಸಾಮಾನ್ಯವಾಗಿ 12 ವೋಲ್ಟಿನ ಅಡಾಪ್ಟರಿನಲ್ಲಿ ನಡೆಯುತ್ತೆ, ಅದಕ್ಕೆಂದೇ ಪುಟ್ಟ ಡಬ್ಬಿಯಂಥ ರೂಟರ್ ಯುಪಿಎಸ್ ಸಿಗುತ್ತೆ. ನಿಮ್ಮ ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟ್, ಆಂಪಿಯರ್ ಹೊಂದಿಸಿ ತಗೊಳ್ಳಿ. ಫೈಬರ್ ಡಬ್ಬಿ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು, ಇದನ್ನು ಮರೆತು ಒಂದೇ ತಂದು ಮತ್ತೆ ಅಂಗಡಿಗೆ ಓಡಿ ಬಂದವರು ಬಹಳ.

ಮೊಬೈಲ್ ಹಾಟ್‌ಸ್ಪಾಟಿಗೆ ಹೋಗೋದಾದರೆ ಓಬಿಎಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಬಿಟ್‌ರೇಟನ್ನು ತಾನೇ ಏರಿಸಿ ಇಳಿಸೋ ಡೈನಾಮಿಕ್ ಆಯ್ಕೆಗೆ ಟಿಕ್ ಹಾಕಿಡಿ. ನೆಟ್ ಬಿಗಿದಾಗ ಚಿತ್ರ ಮಸುಕಾಗುತ್ತೆ, ತುಂಡಾಗಲ್ಲ.

ಪ್ರಶ್ನೆ: ನನ್ನದು ಹಳೇ ಲ್ಯಾಪ್‌ಟಾಪ್, ಪರದೆ 1366 ಗುಣಿಸು 768. ಬೇರೆ ಕಾರ್ಡ್ ಇಲ್ಲ, ಇಂಟೆಲ್‌ನದ್ದೇ ಗ್ರಾಫಿಕ್ಸ್. 720ಪಿಯಲ್ಲಿ ಬಿಟ್ಟರೂ ಅಕ್ಷರಗಳೆಲ್ಲ ಉಜ್ಜಿದ ಹಾಗೆ ಕಾಣುತ್ತವೆ. ಇಷ್ಟರಲ್ಲಿ ಲೈವ್ ಆಗುತ್ತಾ?
— ಸಿರುಗುಪ್ಪ

ಉತ್ತರ: ಆಗುತ್ತೆ. 768 ಸಾಲಿನ ಚಿತ್ರವನ್ನು 720 ಸಾಲಿಗೆ ಹಿಂಡುತ್ತಿದ್ದೀರಿ. ಅರ್ಧಕ್ಕೆ ಇಳಿಸಿದರೆ ಚುಕ್ಕೆಗೆ ಚುಕ್ಕೆ ಲೆಕ್ಕ ಕೂಡುತ್ತೆ, ಹೀಗೆ ಒಂಚೂರು ಇಳಿಸಿದರೆ ಒಂದು ಚುಕ್ಕೆಯ ಅರ್ಧ ಇಲ್ಲಿ, ಅರ್ಧ ಅಲ್ಲಿ ಹಂಚಿಹೋಗಿ ಅಕ್ಷರ ಮಬ್ಬಾಗುತ್ತೆ. ಗೇಮನ್ನೇ 1280 ಗುಣಿಸು 720ರಲ್ಲಿ ಓಡಿಸಿ. ಓಬಿಎಸ್‌ನ ಬೇಸ್, ಔಟ್‌ಪುಟ್ ಎರಡೂ ಅಷ್ಟೇ ಇಡಿ, ಡಿಸ್‌ಪ್ಲೇ ಕ್ಯಾಪ್ಚರ್ ಬದಲು ಗೇಮ್ ಕ್ಯಾಪ್ಚರ್ ಬಳಸಿ. ಆಗ ಹಿಂಡೋ ಕೆಲಸವೇ ಇಲ್ಲ. ಗೇಮಿನೊಳಗೆ ಅಕ್ಷರ ದೊಡ್ಡದು ಮಾಡೋ ಆಯ್ಕೆ ಇದ್ದರೆ ಅದನ್ನೂ ಏರಿಸಿ.

ಎನ್‌ಕೋಡರ್ ಪಟ್ಟಿಯಲ್ಲಿ ಕ್ವಿಕ್ ಸಿಂಕ್ ಕಾಣುತ್ತಾ ನೋಡಿ. ಇಂಟೆಲ್ ಗ್ರಾಫಿಕ್ಸಿನೊಳಗೇ ಇರೋ ಎನ್‌ಕೋಡರ್ ಅದು, ಪುಕ್ಕಟೆ. ಬಹಳ ಜನ ಮನೆಯಲ್ಲೇ ಬಾವಿ ಇಟ್ಟುಕೊಂಡು ಟ್ಯಾಂಕರ್ ತರಿಸ್ತಾರೆ. ಹೊಸದಾಗಿ ಡೆಸ್ಕ್‌ಟಾಪ್ ಕಟ್ಟಿಸೋರಿಗೂ ಒಂದು ಎಚ್ಚರಿಕೆ: ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರಲ್ಲ, ಕ್ವಿಕ್ ಸಿಂಕೂ ಇರಲ್ಲ. ಹಾಗೇ ಎನ್‌ವಿಡಿಯಾ ಜಿಟಿ 1030ರಲ್ಲಿ ಎನ್‌ವೆಂಕ್ ಇಲ್ಲ, ಎಎಂಡಿಯ ಆರ್‌ಎಕ್ಸ್ 6400, 6500 ಎಕ್ಸ್‌ಟಿ ಕಾರ್ಡುಗಳಲ್ಲೂ ವಿಡಿಯೋ ಎನ್‌ಕೋಡರ್ ಇಲ್ಲ. ಅಗ್ಗ ಅಂತ ತಗೊಂಡು ಆಮೇಲೆ ಬಾಯಿ ಬಾಯಿ ಬಡಕೋಬೇಡಿ.

ಪ್ರಶ್ನೆ: ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿದ್ದು ಗಾಜಿನ ಹಾಗಿದೆ. ಅದೇ ಲೈವ್ ಯೂಟ್ಯೂಬಿನಲ್ಲಿ ಮಸುಕು. 1080ಪಿ 60, ಬಿಟ್‌ರೇಟ್ 12000 ಇಟ್ಟಿದ್ದೇನೆ, ನೆಟ್ ಗಟ್ಟಿಯಿದೆ, ಕಾರ್ಡೂ ದೊಡ್ಡದೇ. ಒಂದು ಫ್ರೇಮೂ ಬೀಳುತ್ತಿಲ್ಲ. ಯೂಟ್ಯೂಬೇ ಕೆಡಿಸ್ತಿದೆಯಾ?
— ಕೌಲ್ ಬಜಾರ್, ಬಳ್ಳಾರಿ

ಉತ್ತರ: ಹೌದು, ನಿಮ್ಮ ಅನುಮಾನ ಸರಿ. ನೀವು ಕಳಿಸಿದ್ದನ್ನು ಯೂಟ್ಯೂಬ್ ಹಾಗೇ ತೋರಿಸಲ್ಲ, ತಾನೇ ಇನ್ನೊಂದು ಸಲ ಹಿಂಡಿ, ಬೇರೆ ಬೇರೆ ಸೈಜಿನಲ್ಲಿ ಹಂಚುತ್ತೆ. ನಿಮ್ಮ ಲೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆಗೆದು ಕೋಡೆಕ್ (ವಿಡಿಯೋ ಹಿಂಡೋ ವಿಧಾನ) ಸಾಲು ನೋಡಿ. ಅಲ್ಲಿ ಎವಿಸಿ1 ಅಂತ ಇದ್ದರೆ ಹಳೇ ಎಚ್.264ರಲ್ಲಿ ಹಿಂಡಿದೆ. ಅದಕ್ಕಿಂತ ಹೊಸದಾದ ವಿಪಿ9 ಇದ್ದರೆ ಅಷ್ಟೇ ಬಿಟ್‌ನಲ್ಲಿ ಚೆನ್ನಾಗಿ ಕಾಣುತ್ತೆ. ಚಿಕ್ಕ ಚಾನೆಲ್‌ಗಳ 1080ಪಿ ಲೈವ್‌ಗೆ ಸಾಮಾನ್ಯವಾಗಿ ಹಳೇದೇ ಸಿಗೋದು.

ಇದಕ್ಕೆ ಹುಡುಗರು ಕಂಡುಕೊಂಡಿರೋ ಉಪಾಯ: 1440ಪಿಯಲ್ಲಿ ಕಳಿಸೋದು. ಆಗ ಯೂಟ್ಯೂಬ್ ವಿಪಿ9ಕ್ಕೆ ಹೋಗುತ್ತೆ. ನಿಮ್ಮ ಪರದೆ 1080 ಇದ್ದರೂ ಪರವಾಗಿಲ್ಲ, ಓಬಿಎಸ್ ಔಟ್‌ಪುಟ್ಟನ್ನು 2560 ಗುಣಿಸು 1440ಕ್ಕೆ ಏರಿಸಿ, ಬಿಟ್‌ರೇಟ್ 20000 ಮೇಲೆ ಕೊಡಿ. ಸಿಂಧನೂರಿನ ತಮ್ಮನಿಗೆ ಇಳಿಸು ಅಂದವನು ನಿಮಗೆ ಏರಿಸಿ ಅಂತಿದೀನಿ. ಅವನ ನಾಲೆಯಲ್ಲಿ ನೀರಿಲ್ಲ, ನಿಮ್ಮದು ತುಂಬಿ ಹರೀತಿದೆ, ಅಷ್ಟೇ. ನಿಮ್ಮ ಕಾರ್ಡ್ ಆರ್‌ಟಿಎಕ್ಸ್ 40 ಸರಣಿ ಅಥವಾ ಇಂಟೆಲ್ ಆರ್ಕ್ ಇದ್ದರೆ ಇನ್ನೂ ಹೊಸದಾದ ಎವಿ1 ಎನ್‌ಕೋಡರೂ ಇರುತ್ತೆ, 2023ರಿಂದ ಓಬಿಎಸ್ ಅದನ್ನು ಯೂಟ್ಯೂಬಿಗೆ ಕಳಿಸಬಲ್ಲದು. ಅದನ್ನೇ ಮೊದಲು ಪ್ರಯತ್ನಿಸಿ.

ಬಣ್ಣ ತೊಳೆದ ಹಾಗೆ ಪೇಲವ ಕಂಡರೆ, ಇಲ್ಲಾ ಕಪ್ಪು ಜಾಗವೆಲ್ಲ ಒಂದೇ ಮುದ್ದೆ ಆದರೆ ಅದು ಬಿಟ್‌ರೇಟಿನ ಕಥೆ ಅಲ್ಲ. ಓಬಿಎಸ್‌ನಲ್ಲಿ ಕಲರ್ ಸ್ಪೇಸ್ 709, ಕಲರ್ ರೇಂಜ್ ಲಿಮಿಟೆಡ್ ಇಡಿ. ಫುಲ್ ಅಂದರೆ ಜಾಸ್ತಿ ಒಳ್ಳೇದು ಅಂತ ಅದನ್ನು ಹಾಕಿರ್ತಾರೆ ಮಂದಿ, ಅಲ್ಲೇ ಎಡವೋದು.

ಪ್ರಶ್ನೆ: ನಮ್ಮ ಮಗನಿಗೆ 15 ವರ್ಷ. ಗೇಮ್ ಆಡುತ್ತಾ ಲೈವ್ ಬರಬೇಕಂತೆ, ಮುಖ ಸರಿ ಕಾಣಲ್ಲ, ದನಿ ಸರಿ ಕೇಳಲ್ಲ ಅಂತ 40,000 ರೂಪಾಯಿಯ ಸಾಮಾನು ಪಟ್ಟಿ ಕೊಟ್ಟಿದ್ದಾನೆ. ಕೊಡಿಸಬೇಕೇ? ನನಗೆ ಇದೆಲ್ಲ ತಿಳಿಯುವುದಿಲ್ಲ.
— ಒಬ್ಬ ತಾಯಿ, ಕೊಪ್ಪಳ

ಉತ್ತರ: ಅಕ್ಕಾ, ಪಟ್ಟಿ ಮಡಚಿ ಕಪಾಟಿನಲ್ಲಿಡಿ. ವೆಬ್‌ಕ್ಯಾಮಿಗೆ ಬೆಳಕು ಸಾಲದಿದ್ದರೆ ಚಿತ್ರ ಕಾಳು ಕಾಳಾಗುತ್ತೆ, ಆ ಕಾಳುಗಳನ್ನು ಕಳಿಸೋಕೇ ಬಿಟ್‌ರೇಟ್ ಖರ್ಚಾಗುತ್ತೆ. ಅವನ ಬೆನ್ನ ಹಿಂದಿರೋ ಟ್ಯೂಬ್‌ಲೈಟ್ ಮುಖದ ಮುಂದೆ ಬರಲಿ, ಅಥವಾ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಗೋಡೆಗೆ ಮುಖ ಮಾಡಿ ಹಚ್ಚಿದರೆ ಬೆಳಕು ಗೋಡೆಗೆ ಬಡಿದು ಮೆತ್ತಗೆ ಬೀಳುತ್ತೆ. ದನಿಗೆ ಮೊಬೈಲಿನ ಇಯರ್‌ಫೋನ್ ಮೈಕ್ ಬಾಯಿ ಹತ್ತಿರ ಇದ್ದರೆ ಸಾಕು. ಕೂಲರ್ ಸದ್ದಿಗೆ ಓಬಿಎಸ್‌ನಲ್ಲೇ ನಾಯ್ಸ್ ಸಪ್ರೆಷನ್ ಅಂತ ಫಿಲ್ಟರ್ ಇದೆ, ಆರ್‌ಎನ್‌ನಾಯ್ಸ್ ಆರಿಸಲಿ. ದುಡ್ಡು ಬೇಡ.

ಇನ್ನು ಅವನು ನಿಮಗೆ ಹೇಳದೇ ಇರೋ ಒಂದು ವಿಷಯ. 2025ರ ಜುಲೈ 22ರಿಂದ ಯೂಟ್ಯೂಬಿನಲ್ಲಿ ಒಬ್ಬನೇ ಲೈವ್ ಬರೋಕೆ 16 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರ ಜೊತೆ ದೊಡ್ಡವರು ಲೈವ್‌ನಲ್ಲಿ ಕಾಣುವ ಹಾಗೆ ಇರಬೇಕು. ಹಾಗೇ ಯಾರಾದರೂ ಫೋನ್ ಮಾಡಿ, ದುಡ್ಡು ಕಟ್ಟಿ ಆಡೋ ಆಟದ ಜಾಹೀರಾತು ಹಾಕು, ಇಷ್ಟು ಕೊಡ್ತೀವಿ ಅಂದರೆ ಒಪ್ಪದಂತೆ ಹೇಳಿ, 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಅದು ಅಪರಾಧ.

ಹಾಗಾಗಿ ಹುಟ್ಟುಹಬ್ಬ ಬರೋವರೆಗೂ ಅವನು ಲೈವ್ ಬರಬೇಕಂದರೆ ಪಕ್ಕದಲ್ಲಿ ನೀವೋ ಅವರಪ್ಪನೋ ಕೂರಬೇಕು. ಇದನ್ನು ಅವನಿಗೆ ಹೇಳಿ ನೋಡಿ. ಆಮೇಲೂ ಹಟ ಹಿಡಿದರೆ ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಇಟ್ಟುಕೊಂಡು ಕೂತುಬಿಡಿ. ಬಲ್ಬು ಮಾತ್ರ ನಿಮ್ಮಿಬ್ಬರ ಮುಖಕ್ಕೂ ಬೀಳೋ ಹಾಗೆ ತಿರುಗಿಸಿಕೊಳ್ಳಿ.